ಬಂಡೆಗುಂಡಿಯ ನೀರು

ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಬೆಳಗಿನಿಂದ ಅದೆಷ್ಟನೆಯ ಸಲವೋ ಹೆಡ್ಲಿ ತಲೆಯೆತ್ತಿ ನೋಡಿದ. ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಖಾಲಿ. ಒಂದು ಗುಡುಗಾದರೂ ಬರಬಾರದೆ, ಬೆವನ್‌ನ ಬೂಟಿನ ಅಟ್ಟೆಯಾದರೂ ಕಿತ್ತುಹೋಗಬಾರದೆ, ಹೋಗಲಿ, ತನ್ನ ಕಾಲಾದರೂ ಉಳುಕಬಾರದೆ. ಅರವತ್ತಮೂರು ವರ್ಷದ ಮನುಷ್ಯ, ಕ್ವಾರ್ನ್ ಊರಿನ ಬೇಕರಿಯಲ್ಲಿ ನಲವತ್ತು ವರ್ಷ ಹಿಟ್ಟು ನಾದಿ ಸಂಸಾರ ಸಾಕಿದವನು, ನನ್ನ ಕಾಲು ಉಳುಕಿಸಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತ ನಡೆಯುವುದೆಂದರೆ ನಗೆಗೇಡು. ಕಾಲು ಮಾತ್ರ ಹಟ ಹಿಡಿದಂತೆ ಕಲ್ಲಿನಿಂದ ಕಲ್ಲಿಗೆ ಸರಿಯಾಗಿಯೇ ಬೀಳುತ್ತಿತ್ತು. ಮುಂದೆ ಬೆವನ್, ನಡಿಗೆ ಸಂಘದ ಕಾರ್ಯದರ್ಶಿ, ರೈಲ್ವೆಯಿಂದ ನಿವೃತ್ತನಾಗಿ ಹನ್ನೆರಡು ವರ್ಷದ ಹಿಂದೆ ಊರಿಗೆ ಬಂದು ನೆಲೆಸಿದವನು, ಸಿಳ್ಳೆ ಹಾಕುತ್ತ ಹೋಗುತ್ತಿದ್ದ. ಹಿಂದೆ ಮಗಳು ಕಿರಿಲಿ. ನಡುವೆ ತಾನು. ಒಣಗಿದ ಹೊಳೆಯ ಪಾತ್ರ ಬಿಟ್ಟು ಏರು ಹಿಡಿದು ಎರಡು ತಾಸಾಗಿತ್ತು. ಮುಳ್ಳುಹುಲ್ಲಿನ ಗುಪ್ಪೆಗಳು ಪ್ಯಾಂಟಿನೊಳಗೆ ಸೂಜಿ ಮುರಿಯುತ್ತಿದ್ದವು, ನೊಣಗಳು ಕಣ್ಣಿನ ಮೂಲೆಗೆ ಮುತ್ತುತ್ತಿದ್ದವು, ಎದುರಿಗೆ ಪಾಸ್ಕೋ ಬೆಟ್ಟ ಕೆಂಪಗೆ ಎದ್ದು ನಿಂತಿತ್ತು. ಅದರ ನೆತ್ತಿಯಲ್ಲೊಂದು ಕಲ್ಲುಗುಪ್ಪೆ, ಗುಪ್ಪೆಯೊಳಗೆ ತಗಡಿನ ಡಬ್ಬ, ಡಬ್ಬದೊಳಗೆ ಹತ್ತಿದವರೆಲ್ಲ ಹೆಸರು ಬರೆಯುವ ಪುಸ್ತಕ. ಮಧ್ಯಾಹ್ನದ ಹೊತ್ತಿಗೆ ಕಿರಿಲಿ ಆ ಪುಸ್ತಕ ಬಿಚ್ಚುತ್ತಾಳೆ. ಎಂಬತ್ತೊಂದನೆಯ ಇಸವಿಯ ಹಾಳೆ ತೆಗೆದು ಅಪ್ಪನ ಹೆಸರು ಹುಡುಕುತ್ತಾಳೆ.

ಆ ಹಾಳೆಯಲ್ಲಿ ಏನಿದೆಯೆಂದು ಹೆಡ್ಲಿಗೂ ಗೊತ್ತಿರಲಿಲ್ಲ. ಯಾಕೆಂದರೆ ಎಂಬತ್ತೊಂದರಲ್ಲಿ ಅವನು ಹತ್ತಿಯೇ ಇರಲಿಲ್ಲ. ಬೇಕರಿಯಲ್ಲಿ ಜೊತೆಗೆ ಕೆಲಸ ಕಲಿಯುತ್ತಿದ್ದ ಕೆಲ್ವಿನ್ ಎಂಬವನ ಸಂಗಡ ಬಂದದ್ದು ನಿಜ, ಎರಡು ಶಿಖರಗಳ ನಡುವೆ ತಗ್ಗಾಗಿರುವ, ಎಲ್ಲರೂ ‘ಕತ್ತು’ ಎಂದು ಕರೆಯುವ ಆ ಜಾಗದವರೆಗೆ ಮುಟ್ಟಿದ್ದೂ ನಿಜ. ಕತ್ತಿನಿಂದ ಮೇಲಕ್ಕೆ ಬಂಡೆಯಲ್ಲೊಂದು ಸೀಳು, ನಾಲ್ಕಾಳೆತ್ತರ. ಕೆಲ್ವಿನ್ ಓತಿಕ್ಯಾತದ ಹಾಗೆ ಹತ್ತಿ ಹೋಗಿದ್ದ. ಹೆಡ್ಲಿ ಒಂದು ಕಾಲಿಟ್ಟ, ಇನ್ನೊಂದು ಕಾಲಿಟ್ಟ, ಕೆಳಗೆ ನೋಡಿದ. ನೋಡಬಾರದಿತ್ತು. ಮೊಣಕಾಲು ತಂತಾನೇ ಕುಣಿಯತೊಡಗಿತು, ಬಂಡೆಗೆ ಕೆನ್ನೆ ಒತ್ತಿಕೊಂಡು ಅಮ್ಮನನ್ನು ಕರೆದ. ಇಪ್ಪತ್ತೊಂದು ವರ್ಷದ ಗಂಡಸು! ಹೇಗೋ ಜಾರಿ ಇಳಿದು ಪೈನ್ ಮರದ ಬುಡದಲ್ಲಿ ಮೂರು ತಾಸು ಕೂತ. ಕೆಲ್ವಿನ್ ಇಳಿದು ಬಂದವನೇ, “ನಿನ್ನ ಹೆಸರೂ ಬರ್ದಿದೀನಿ ಬಿಡೋ” ಎಂದು ಹಲ್ಲು ಕಿರಿದಿದ್ದ. ತಮಾಷೆಗೆ ಅಂದನೋ ನಿಜಕ್ಕೆ ಅಂದನೋ ಕೇಳುವ ಧೈರ್ಯ ಆವತ್ತು ಬರಲಿಲ್ಲ, ವರ್ಷದೊಳಗೆ ಕೆಲ್ವಿನ್ ಪರ್ತ್‌ಗೆ ಹೋಗಿ ಅಲ್ಲೇ ಕರಗಿಹೋದ. ಹೆಸರು ಬರೆದಿದ್ದರೆ ಅದು ಕೆಲ್ವಿನ್‌ನ ಕೋಳಿಕಾಲು ಅಕ್ಷರದಲ್ಲಿರುತ್ತದೆ. ಕಿರಿಲಿ ಹುಟ್ಟುಹಬ್ಬದ ಕೇಕಿನ ಮೇಲೆ ಅಪ್ಪನ ಅಕ್ಷರ ನೋಡುತ್ತ ಬೆಳೆದವಳು, ಒಂದೇ ಕಣ್ಣಿಗೆ ಹಿಡಿಯುತ್ತಾಳೆ. ಬರೆದಿಲ್ಲದಿದ್ದರಂತೂ ಕೇಳುವುದೇ ಬೇಡ. ಆವತ್ತು ಬೆಟ್ಟದಿಂದ ಇಳಿದ ಮಾರನೆಯ ಬೆಳಗ್ಗೆ ಬೇಕರಿಯ ಕಟ್ಟೆಯ ಆಚೆ ನಿಂತು, ಒಳಗೆ ಆಲೂಗಡ್ಡೆ ಮಾಂಸ ತುಂಬಿ ಸುಟ್ಟ ಪ್ಯಾಸ್ಟಿ ಎರಡು ಕೇಳಿದ ಅಂಚೆ ಕಚೇರಿಯ ಹುಡುಗಿ ರೋಸ್ಲಿನ್, “ನಿನ್ನೆ ಪಾಸ್ಕೋ ಹತ್ತಿದ್ರಂತೆ?” ಎಂದಾಗ ಅವನು ಹ್ಞೂಂ ಅಂದಿದ್ದ. ಅಷ್ಟೇ, ಒಂದು ಹ್ಞೂಂ. ರೋಸ್ಲಿನ್ ಕಣ್ಣರಳಿಸಿದಳು. ಆ ಹ್ಞೂಂಗೆ ಆಮೇಲೆ ಕೈಕಾಲು ಬಂತು, ಮಾತು ಬಂತು, ರೋಸ್ಲಿನ್ ಹೆಂಡತಿಯಾದಳು, ಮಗಳಾದಳು, ಮಗಳ ಶಾಲೆಯ ಪ್ರಬಂಧದಲ್ಲಿ ‘ನನ್ನ ತಂದೆ ಪಾಸ್ಕೋ ಹತ್ತಿದವರು’ ಎಂದು ಬಂತು, ಟೀಚರು ಅದರ ಕೆಳಗೆ ಕೆಂಪು ಮಸಿಯಲ್ಲಿ ನಕ್ಷತ್ರ ಹಾಕಿದರು.

“ಅಪ್ಪ, ಆ ಸೀಳು ಅಷ್ಟೇನೂ ಕಷ್ಟ ಇಲ್ಲ ಅಲ್ವಾ?” ಹಿಂದಿನಿಂದ ಕಿರಿಲಿ ಕೇಳಿದಳು. ಒಂದು ತಾಸಿನಲ್ಲಿ ಇದು ಮೂರನೆಯ ಸಲ.

“ಕಷ್ಟ ಏನಿಲ್ಲ. ಕೆಳಗೆ ನೋಡ್ಬಾರ್ದು ಅಷ್ಟೇ.”

“ನೀನು ನೋಡಿದ್ಯಾ?”

“ಇಲ್ಲಪ್ಪ.”

“ಏನಯ್ಯಾ ಹೆಡ್ಲಿ,” ಬೆವನ್ ತಿರುಗದೆಯೇ ಕೂಗಿದ, “ಹೆಣ ಹೊತ್ತವನ ಹಾಗೆ ನಡೀತಿದೀಯಲ್ಲೋ! ಹತ್ತಿದ ಬೆಟ್ಟವೇ ತಾನೇ? ಕಣ್ಣು ಮುಚ್ಕೊಂಡು ಹೋಗ್ಬೇಕು ನೀನು.”

“ವಯಸ್ಸಾಯ್ತಲ್ಲೋ ಮಾರಾಯ.”

“ನನಗೇನು ಕಮ್ಮಿಯಾ? ನಿನಗಿಂತ ಎರಡು ವರ್ಷ ದೊಡ್ಡವನು. ಮಗಳ ಮುಂದೆ ಮರ್ಯಾದೆ ತೆಗೀಬೇಡ, ನಡಿ ನಡಿ.”

ಕಿರಿಲಿ ನಕ್ಕಳು. ಹೆಡ್ಲಿಯೂ ನಕ್ಕ. ಮೂವತ್ತು ವರ್ಷದವಳು, ಪೋರ್ಟ್ ಅಗಸ್ಟಾದಲ್ಲಿ ಮೂತ್ರಪಿಂಡ ಕೆಟ್ಟವರಿಗೆ ರಕ್ತ ತೊಳೆಯುವ ಕೇಂದ್ರದಲ್ಲಿ ನರ್ಸು, ನಾಲ್ಕು ದಿನ ರಜೆ ಹಾಕಿ ಬಂದಿದ್ದಾಳೆ. ಎರಡು ತಿಂಗಳಿಂದ ಸಂಜೆ ಸಂಜೆ ಊರಾಚೆಯ ಗುಡ್ಡ ಹತ್ತಿ ಇಳಿದು ಕಾಲು ಪಳಗಿಸಿಕೊಂಡಿದ್ದಾಳೆ. ಇದನ್ನೆಲ್ಲ ನೆನೆಸಿಕೊಂಡು ಹೆಡ್ಲಿ ತಪ್ಪಿಸಿಕೊಳ್ಳುವ ದಾರಿ ಹುಡುಕತೊಡಗಿದ. ಪುಸ್ತಕವನ್ನು ತಾನೇ ಮೊದಲು ಎತ್ತಿಕೊಂಡು ಗಾಳಿಗೆ ಹಾರಿಸಿಬಿಡಬಹುದೆ? ಅಥವಾ ಸೀಳಿನ ಬುಡದಲ್ಲಿ ಎದೆ ಹಿಡಿದುಕೊಂಡು ಕೂತುಬಿಡಬಹುದೆ? ನರ್ಸು ಮಗಳ ಮುಂದೆ ಎದೆನೋವಿನ ನಾಟಕ! ನಾಡಿ ಹಿಡಿದು ನೋಡಿದರೆ ಮುಗಿಯಿತು ಕಥೆ. ಅದೂ ಅಲ್ಲದೆ ಸೀಳಿನ ಬುಡದಲ್ಲಿ ಏನಾಗುತ್ತದೆಂದು ಅವನಿಗೆ ಇನ್ನೊಂದು ಭಯವಿತ್ತು: ಈ ಸಲ ನಾಟಕವೇ ಬೇಕಾಗದೆ ಇರಬಹುದು, ಮೊಣಕಾಲು ನಿಜವಾಗಿಯೇ ಕುಣಿಯಬಹುದು.

ಕತ್ತಿಗೆ ಮುಟ್ಟಿದಾಗ ಹತ್ತೂವರೆ. ಇಪ್ಪತ್ತೆಂಟು ಡಿಗ್ರಿ ಮೀರುವುದಿಲ್ಲ ಎಂದು ರೇಡಿಯೋದವರು ಹೇಳಿದ್ದರು, ಆಗಲೇ ಮೂವತ್ತೈದಾಗಿತ್ತು. ಉತ್ತರದಿಂದ ಗಾಳಿ ಬೀಸಲು ಶುರುವಾಗಿತ್ತು. ಒಲೆಯ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಆ ಗಾಳಿಯನ್ನು ಹೆಡ್ಲಿಗಿಂತ ಚೆನ್ನಾಗಿ ಬಲ್ಲವರು ಯಾರು? ಮೂವರೂ ಹೊತ್ತು ತಂದಿದ್ದ ನೀರು ಮುಕ್ಕಾಲು ಮುಗಿದಿತ್ತು. ಚಿಂತೆಯಿರಲಿಲ್ಲ, ಎಂಟು ದಿನದ ಹಿಂದೆ ಹೆಡ್ಲಿ ಒಬ್ಬನೇ ಇಲ್ಲಿಯವರೆಗೆ ಬಂದು ಚಪ್ಪಡಿಯಡಿಯಲ್ಲಿ ಎರಡು ಚೀಲ ನೀರು ಅಡಗಿಸಿಟ್ಟು ಹೋಗಿದ್ದ. ರಟ್ಟಿನ ಡಬ್ಬದಲ್ಲಿ ಬರುವ ವೈನ್ ಮುಗಿದ ಮೇಲೆ ಒಳಗಿನ ಬೆಳ್ಳಿಬಣ್ಣದ ಚೀಲವನ್ನು ತೊಳೆದು ನೀರಿಗೆ ಇಟ್ಟುಕೊಳ್ಳುವುದು ಈ ಸೀಮೆಯ ನಡಿಗೆಯವರೆಲ್ಲರ ರೂಢಿ. ಖಾಲಿಯಿದ್ದಾಗ ಮಡಚಿ ಜೇಬಿಗಿಡಬಹುದು, ತುಂಬಿದರೆ ನಾಲ್ಕು ಲೀಟರು ಹಿಡಿಯುತ್ತದೆ, ಕಲ್ಲಿಗೆ ತಾಗಿದರೂ ಹರಿಯುವುದಿಲ್ಲ. ನೀರು ತುಂಬಿದ ಚೀಲದ ನಲ್ಲಿಗೆ ನೀಲಿ ಟೇಪು ಸುತ್ತಬೇಕು, ಅಡಗಿಸಿಡುವ ಮೊದಲು ಪ್ರತಿ ಚೀಲದಿಂದಲೂ ಇಡುವವನು ಒಂದು ಗುಟುಕು ಕುಡಿದು ನೋಡಬೇಕು ಎಂಬುದು ಸಂಘದ ಕಟ್ಟಳೆ. ಬೆವನ್ ಚಪ್ಪಡಿ ಸರಿಸಿ, ಮೊದಲ ಚೀಲ ಎಳೆದು, ಲೋಟ ತುಂಬ ಬಗ್ಗಿಸಿಕೊಂಡು ಗಟಗಟ ಎತ್ತಿದವನು ಒಮ್ಮೆಲೇ ಫೂ ಎಂದು ಉಗಿದ. ಮೀಸೆಯಿಂದ ತೊಟ್ಟಿಕ್ಕಿತು.

“ವೈನು!” ಅವನು ಕಿರುಚಿದ. “ಅಯ್ಯೋ ನಿನ್ನ! ಸಿಹಿ ವೈನು ಕಣೋ ಇದು! ಕಾದು ಕಷಾಯ ಆಗಿದೆ!”

ಕಿರಿಲಿ ಲೋಟ ಕಸಿದುಕೊಂಡು ಮೂಸಿದಳು. “ಅಪ್ಪಾ!”

“ಏನೋ ಹೆಡ್ಲಿ, ಬೆಟ್ಟ ಹತ್ಸೋಕೆ ಕರ್ಕೊಂಡ್ ಬಂದ್ಯೋ, ಔತಣ ಮಾಡ್ಸೋಕೋ? ಒಂದು ಪಿಟೀಲು ತಂದಿದ್ರೆ ಕುಣಿದು ಹೋಗ್ಬಹುದಿತ್ತಲ್ಲೋ!” ಬೆವನ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ನಲವತ್ತು ವರ್ಷ ಬೇಕರಿ ನಡೆಸ್ದ, ಸಕ್ಕರೆ ಯಾವ್ದು ಉಪ್ಪು ಯಾವ್ದು ಹೇಗಪ್ಪಾ ಗೊತ್ತಾಗ್ತಿತ್ತು ಇವನಿಗೆ!”

ಹೆಡ್ಲಿ ಇಂಗು ತಿಂದ ಮಂಗನ ಹಾಗೆ ನಿಂತ. ಮನೆಯ ಹಿಂದಿನ ಶೆಡ್ಡಿನಲ್ಲಿ ಒಂದೇ ಹಲಗೆಯ ಮೇಲೆ ನೀರಿನ ಚೀಲಗಳೂ ಇದ್ದವು, ರೋಸ್ಲಿನ್‌ಳ ತಮ್ಮ ಕ್ರಿಸ್ಮಸ್ಸಿಗೆ ತಂದು, ಡಬ್ಬ ಒದ್ದೆಯಾಯಿತೆಂದು ಬಿಚ್ಚಿಟ್ಟ ವೈನ್ ಚೀಲವೂ ಇತ್ತು. ಮುಖಕ್ಕೆ ರಕ್ತ ನುಗ್ಗಿತು, ಕಿವಿ ಬಿಸಿಯಾಯಿತು. ಆದರೆ ಆ ಬಿಸಿಯ ಅಡಿಯಲ್ಲೇ, ಎದೆಗೂಡಿನ ಎಲ್ಲೋ ಒಂದು ಮೂಲೆಯಲ್ಲಿ, ತಣ್ಣಗೆ ಒಂದು ಕಿಟಕಿ ತೆರೆದುಕೊಂಡಿತು. ನೀರು ಸಾಲದು. ಉಳಿದದ್ದು ಒಂದು ಚೀಲ, ಬಾಟಲಿಗಳ ತಳದಲ್ಲಿ ಚೂರುಪಾರು. ಮೇಲೆ ಹೋಗಿ ಮತ್ತೆ ಹೊಳೆಯವರೆಗೆ ಇಳಿಯಲು ಐದು ತಾಸು ಬೇಕು, ಮೂವರು, ಈ ಬಿಸಿಲು. ಹೋಗಲಾಗುವುದಿಲ್ಲ! ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ಅವರು ನಗಲಿ, ಊರೆಲ್ಲ ನಗಲಿ, ಸಂಘದ ವಾರ್ಷಿಕೋತ್ಸವದಲ್ಲಿ ವೈನ್ ಹೆಡ್ಲಿ ಎಂದು ಬಿರುದು ಕೊಟ್ಟು ಫಲಕ ಮಾಡಿಸಲಿ. ಪುಸ್ತಕ ಡಬ್ಬದಲ್ಲಿ ಭದ್ರವಾಗಿರುತ್ತದೆ. ಅವನಿಗೆ ಕಿರಿಲಿಯನ್ನು ತಬ್ಬಿಕೊಂಡುಬಿಡೋಣ ಅನ್ನಿಸಿತು. ಬೆನ್ನುಚೀಲದಿಂದ ಪ್ಯಾಸ್ಟಿ ತೆಗೆದು ಮೂವರಿಗೂ ಹಂಚಿದ. ಬೆಳಗ್ಗೆಯಿಂದ ಮೊದಲ ಸಲ ಬಾಯಿಗೆ ರುಚಿ ಹತ್ತಿತು, ಆಲೂಗಡ್ಡೆಗೆ ಮೆಣಸು ಸ್ವಲ್ಪ ಮುಂದಾಗಿದೆ ಎಂದೂ ತಿಳಿಯಿತು.

“ತಪ್ಪು ನಂದೇ,” ಅವನು ಧಾರಾಳವಾಗಿ ಹೇಳಿದ. “ಏನ್ಮಾಡೋದು, ವಾಪಸ್ ತಿರುಗೋಣ. ಬೆಟ್ಟ ಎಲ್ಲಿಗೂ ಓಡಿಹೋಗಲ್ಲ.”

ಬೆವನ್ ತುಟಿ ಒರೆಸಿಕೊಂಡು ಸೀಳಿನತ್ತ ನೋಡುತ್ತಿದ್ದ. “ತಾಳು ತಾಳು,” ಅಂದ. “ನಿನ್ನ ಗುಂಡಿ ಇದೆಯಲ್ಲೋ.”

“ಯಾವ ಗುಂಡಿ?”

“ಯಾವ ಗುಂಡಿ ಅಂತಾನೆ ನೋಡು! ನೆತ್ತಿಯ ಕೆಳಗೆ ಬಂಡೆಗುಂಡಿ, ಸೊಂಟದ ಮಟ್ಟ ನೀರು, ಮುಖ ತೊಳ್ಕೊಂಡೆ, ಟೋಪಿ ಅದ್ದಿ ತಲೆಗೆ ಹಾಕ್ಕೊಂಡೆ ಅಂತ ಎಷ್ಟು ಸಲ ಹೇಳಿಲ್ಲ ನೀನು? ಸಂಘದ ಚಹಾ ಕೂಟ ಒಂದೂ ಬಿಟ್ಟಿಲ್ಲ. ಇರೋ ನೀರು ಹತ್ತೋಕೆ ಸಾಕು. ಅಲ್ಲಿ ತುಂಬಿಸ್ಕೊಂಡು ಇಳಿಯೋದು.”

“ಹೌದಲ್ಲ!” ಕಿರಿಲಿ ಎದ್ದು ನಿಂತಳು. “ಅಪ್ಪನ ಗುಂಡಿ! ಮರೆತೇ ಹೋಗಿತ್ತು.”

ಹೆಡ್ಲಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆ ಗುಂಡಿಯನ್ನು ಅವನು ತೋಡಿದ್ದು ಮಗಳಿಗಾಗಿ. ಐದು ವರ್ಷದವಳಿಗೆ ಜ್ವರ ಬಂದಿತ್ತು, ನೀರು ಕುಡಿಯದೆ ಹಟ ಮಾಡುತ್ತಿದ್ದಳು, ಬೆಟ್ಟದ ಕಥೆ ಹೇಳು ಅಂದಳು. ಹತ್ತದ ಬೆಟ್ಟದ ಕಥೆಯಲ್ಲಿ ಏನಿರುತ್ತದೆ? ಬರೀ ಕಲ್ಲು. ಆಗ ಬಂಡೆಯಲ್ಲೊಂದು ಗುಂಡಿ ಮಾಡಿ ತಣ್ಣನೆಯ ನೀರು ತುಂಬಿಸಿದ. ‘ನಾನೂ ಹೀಗೇ ಬೊಗಸೆ ಹಿಡಿದು ಕುಡಿದೆ, ನೋಡು’ ಎಂದು ಲೋಟ ಮುಂದೆ ಮಾಡಿದರೆ ಮಗು ಗಟಗಟ ಕುಡಿಯಿತು. ನಾಲ್ಕನೆಯ ಬೆಳಗ್ಗೆ ಜ್ವರ ಇಳಿಯಿತು. ಅಂದಿನಿಂದ ಆ ಗುಂಡಿ ಬತ್ತಿದ್ದೇ ಇಲ್ಲ, ಹೇಳಿದಾಗಲೆಲ್ಲ ನೀರು ಒಂದು ಗೇಣು ಏರುತ್ತಿತ್ತು. ಅದು ತನ್ನ ಬದುಕಿನಲ್ಲಿ ತಾನು ಮಾಡಿದ ಒಂದೇ ಒಂದು ಚಂದದ ವಸ್ತು ಎಂದು ಹೆಡ್ಲಿಗೆ ಎಷ್ಟೋ ಸಲ ಅನ್ನಿಸಿದ್ದಿದೆ. ಬ್ರೆಡ್ಡು ಮಾರನೆಯ ದಿನಕ್ಕೆ ಒಣಗುತ್ತದೆ. ಈಗ ಬೆವನ್ ಆ ಗುಂಡಿಯನ್ನು ನಂಬಿ ಬೂಟಿನ ದಾರ ಬಿಗಿಯುತ್ತಿದ್ದ. ಮಗಳು ಉಳಿದ ಚೀಲದಿಂದ ಬಾಟಲಿಗಳಿಗೆ ನೀರು ಹಂಚುತ್ತಿದ್ದಳು, ಹತ್ತಲು ಬೇಕಾಗುವಷ್ಟೇ, ಲೆಕ್ಕ ಹಾಕಿ.

“ಈಗ ಒಣಗಿರಬಹುದು,” ಅಂದ. ದನಿ ಅವನಿಗೇ ಕೇಳಿಸಲಿಲ್ಲ. ಮತ್ತೆ ಅಂದ.

“ಎಲ್ಲಿ ಒಣಗುತ್ತೆ? ಮೂರು ವಾರದ ಹಿಂದೆ ಹುಯ್ದಿದೆಯಲ್ಲ, ಹೊಳೇನೇ ಒಂದು ದಿನ ಹರೀತು. ನೀನೇ ಹೇಳಿದ್ದೆ, ನೆರಳಲ್ಲಿರೋ ಗುಂಡಿ, ಬೇಸಿಗೇಲೂ ಇರುತ್ತೆ ಅಂತ.”

ಹೇಳಿದ್ದ. ಇಂಥದೇ ಒಂದು ಪ್ರಶ್ನೆಗೆ, ಯಾವುದೋ ಚಹಾ ಕೂಟದಲ್ಲಿ, ಇನ್ನೊಂದು ಬಿಸ್ಕತ್ತಿಗೆ ಕೈ ಚಾಚುತ್ತ ಹೇಳಿದ್ದ.

“ಆಡುಗಳು ಬಿದ್ದು ಸತ್ತಿರ್ತಾವೆ. ಕುಡಿಯೋ ಹಾಗಿರಲ್ಲ.”

“ಕುದಿಸಿದ್ರಾಯ್ತು. ಏನೋ ಇವತ್ತು ನಿಂದು?” ಬೆವನ್ ಎದ್ದ. “ಕಿರಿಲಿ, ನೀನು ನಡುವೆ ಬಾ. ಹೆಡ್ಲಿ ಮೊದ್ಲು. ಅವನಿಗೆ ಗೊತ್ತು ಕಾಲು ಎಲ್ಲಿಡ್ಬೇಕು ಅಂತ.”

ಕಿರಿಲಿ ಅವನ ಕೈಗೆ ಬಾಟಲಿ ಕೊಟ್ಟಳು. ಕಣ್ಣಲ್ಲಿ ಒಂದು ಹೊಳಪಿತ್ತು, ತುಟಿ ಬಿಳಿಚಿತ್ತು. ಹೆದರಿದ್ದಾಳೆ ಎಂದು ಹೆಡ್ಲಿಗೆ ಆಗ ಹೊಳೆಯಿತು. ಹೆದರಿದರೂ ಹೋಗುತ್ತಾಳೆ, ಅಪ್ಪ ಹೋಗಿದ್ದಾನಲ್ಲ. ನೆತ್ತಿ ಮುಟ್ಟುತ್ತಾರೆ, ಬಾಟಲಿ ಬರಿದಾಗಿರುತ್ತದೆ, ಸೂರ್ಯ ನೆತ್ತಿಯ ಮೇಲಿರುತ್ತಾನೆ, ಇಬ್ಬರೂ ಬಂಡೆಯಿಂದ ಬಂಡೆಗೆ ಗುಂಡಿ ಹುಡುಕುತ್ತಾರೆ. ಎಡಕ್ಕೋ ಬಲಕ್ಕೋ ಅಪ್ಪ, ಎಂದು ಮಗಳು ಕೇಳುತ್ತಾಳೆ. ಆಗ ತಾನು ಏನು ತೋರಿಸಲಿ? ಈ ಬೆಟ್ಟಗಳಲ್ಲಿ ಇಂಥ ಮಧ್ಯಾಹ್ನ ನೀರಿಲ್ಲದೆ ಕೂತವರನ್ನು ಮೂರನೆಯ ದಿನ ಹೊತ್ತು ತಂದದ್ದನ್ನು ಅವನು ಕಂಡಿದ್ದ, ಆ ಮನೆಗೆ ಬ್ರೆಡ್ಡು ಕಳಿಸಿದ್ದ. ನಲವತ್ತೆರಡು ವರ್ಷ. ಒಂದು ಹ್ಞೂಂ.

“ಗುಂಡಿ ಇಲ್ಲ,” ಅಂದ.

“ಏನು?”

“ಮೇಲೆ ಗುಂಡಿ ಇಲ್ಲ. ಇದೆಯೋ ಇಲ್ಲವೋ ನಂಗೊತ್ತಿಲ್ಲ. ನಾನು ಹತ್ತಿಲ್ಲ.” ಬೆವನ್ ಬಾಯಿ ತೆರೆದ. ಹೆಡ್ಲಿ ಅವನನ್ನು ನೋಡದೆ, ಮಗಳನ್ನೂ ನೋಡದೆ, ಸೀಳಿಗೇ ಹೇಳುವವನಂತೆ ಹೇಳಿದ. “ಎಂಬತ್ತೊಂದರಲ್ಲಿ ಅಲ್ಲಿವರೆಗೆ ಹೋದೆ, ಆ ಚಾಚಿಕೊಂಡಿದೆಯಲ್ಲ ಕಲ್ಲು, ಅಲ್ಲಿವರೆಗೆ. ಕಾಲು ನಡುಗ್ತು. ಇಳಿದುಬಿಟ್ಟೆ. ಕೆಲ್ವಿನ್ ಒಬ್ನೇ ಹತ್ತಿದ್ದು. ನಾನು ಇಲ್ಲಿ ಕೂತಿದ್ದೆ, ಅತ್ತುಕೊಂಡು. ಮಿಕ್ಕಿದ್ದೆಲ್ಲ ಸುಳ್ಳು.”

ಗಾಳಿ ಒಂದು ಸುತ್ತು ಬೀಸಿ ಹೋಯಿತು. ಬೆವನ್ ಟೋಪಿ ತೆಗೆದು ತಲೆ ಕೆರೆದುಕೊಂಡ, ಮತ್ತೆ ಹಾಕಿಕೊಂಡ. ಇವನು ನಗಬಾರದೆ, ಬೈಯಬಾರದೆ, ಏನಾದರೂ ಅನ್ನಬಾರದೆ ಎಂದು ಹೆಡ್ಲಿ ಕಾಯುತ್ತಿದ್ದ. ಕಡೆಗೆ ಬೆವನ್, “ಹಾಗಾದ್ರೆ ನೀನು ತಿರುಗು ಅಂತಿದೀಯ,” ಎಂದ, ತೀರ ಸಾಮಾನ್ಯ ದನಿಯಲ್ಲಿ.

“ಅಂತಿದೀನಿ.”

“ಸರಿ. ಅಂದವನೇ ಮುಂದೆ.”

ಅದೂ ಸಂಘದ ಕಟ್ಟಳೆ. ತಿರುಗು ಎಂದವನನ್ನು ಯಾಕೆಂದು ಕೇಳಬಾರದು, ಅವನನ್ನೇ ಮುಂದೆ ಬಿಟ್ಟು ಇಳಿಯಬೇಕು, ಹಿಂದೆ ಉಳಿದರೆ ನಾಚಿಕೆಯಿಂದ ಇನ್ನೂ ಹಿಂದೆ ಬೀಳುತ್ತಾನೆಂದು. ಬೆವನ್ ವೈನಿನ ಚೀಲವನ್ನು ಅಲ್ಲಿಯೇ ಚೆಲ್ಲಿದ. ಇರುವೆಗಳು ಎಲ್ಲಿದ್ದವೋ, ನೋಡನೋಡುತ್ತ ಸಾಲುಗಟ್ಟಿದವು. ಹೆಡ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ಬೆಟ್ಟಕ್ಕೆ ಬೆನ್ನು ಹಾಕಿದ. ಹತ್ತು ಹೆಜ್ಜೆ ಇಳಿಯುವಷ್ಟರಲ್ಲಿ ಅವನಿಗೆ ತಾನು ಜೋರಾಗಿ ಉಸಿರು ಬಿಡುತ್ತಿರುವುದು ಕೇಳಿಸಿತು, ತಲೆಯ ಮೇಲಿನ ಮೂಟೆ ಇಳಿಸಿದವನ ಹಾಗೆ. ಹೋದ ಜೀವ ಬಂದಂತಾಗಿತ್ತು. ಬಿಸಿಲು ಅದೇ, ಮುಳ್ಳು ಅದೇ, ಮಂಡಿ ಮಾತ್ರ ಇಳಿಜಾರಿಗೆ ಹಗುರವಾಗಿ ಬಗ್ಗುತ್ತಿತ್ತು. ಒಂದು ಬೆಟ್ಟದ ಕಾಂಗರೂ ಬಂಡೆಯ ನೆರಳಿನಿಂದೆದ್ದು, ಇವರನ್ನು ನೋಡಿ, ಓಡುವಷ್ಟು ಯೋಗ್ಯರಲ್ಲ ಎಂಬಂತೆ ಮತ್ತೆ ಮಲಗಿತು. ಹೆಡ್ಲಿಗೆ ನಗು ಬಂತು. ಹೇಳಿಬಿಟ್ಟೆ, ಹೇಳಿಬಿಟ್ಟೆ ಎಂದು ಬೂಟು ಹೇಳುತ್ತಿತ್ತು. ಇನ್ನು ಯಾರೂ ಯಾವ ಪುಸ್ತಕವನ್ನೂ ಬಿಚ್ಚಬಹುದು. ಹಿಂದೆ ಕಿರಿಲಿಯ ಹೆಜ್ಜೆ ಕೇಳಿಸುತ್ತಿತ್ತು. ಅದರ ಹಿಂದೆ, ದೂರದಲ್ಲಿ, ಬೆವನ್. ಬೇಕೆಂದೇ ದೂರ ಉಳಿದಿದ್ದ.

“ಅಪ್ಪ,” ಅರ್ಧ ತಾಸಿನ ಮೇಲೆ ಕಿರಿಲಿ ಅಂದಳು. “ಒಂದು ಹೇಳ್ಲಾ? ಬೈಬೇಡ.”

“ಬೈಯೋಕೆ ನಂಗೇನಿದೆ ಬಾಯಿ?”

“ಎರಡು ತಿಂಗಳಿಂದ ನಿದ್ದೆ ಇಲ್ಲ ನಂಗೆ. ಆ ಸೀಳಿನ ಫೋಟೋ ನೋಡಿದಾಗಿಂದ. ನಂಗೆ ಎತ್ತರ ಅಂದ್ರೆ ಆಗಲ್ಲ ಕಣಪ್ಪ, ಏಣಿ ಹತ್ತಿದ್ರೂ ಕೈ ಬೆವರುತ್ತೆ. ಅಪ್ಪನ ಮಗಳಾಗಿ ಹೀಗಾ ಅಂತ ನಾಚಿಕೆ. ಅದಕ್ಕೇ ಬಂದಿದ್ದು. ನೀನು ಹತ್ತಿಲ್ಲ ಅಂದ್ಯಲ್ಲ, ಆವಾಗ ನಂಗೆ…” ಅವಳು ನಕ್ಕಳೋ ಮೂಗೆಳೆದಳೋ. “ದೇವರೇ ಅಂತ ಅನ್ನಿಸ್ತು. ಅಲ್ಲೇ ಕೂತುಬಿಡೋಣ ಅನ್ನಿಸ್ತು. ಈಗ ಸಿಟ್ಟೂ ಬರ್ತಿದೆ. ಆದ್ರೂ ಅನ್ನಿಸ್ತು.”

ಹೆಡ್ಲಿ ನಿಲ್ಲಲಿಲ್ಲ, ತಿರುಗಲಿಲ್ಲ. ಕಣ್ಣು ಮಂಜಾಯಿತು. ಮಗಳಿಗೆ ಬಂದದ್ದು ತನ್ನ ಮೊಣಕಾಲೇ! ಅದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತು, ಹೇಳದೆ ಇದ್ದುದರಿಂದ ಏನಾಯಿತು, ಎಂದು ಎಣಿಸುತ್ತ ಹೋದ ಹಾಗೆ ಹಗುರ ಇನ್ನೂ ಹಗುರವಾಗಬೇಕಿತ್ತು. ಆಗಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಅವನ ಮನಸ್ಸು ಇನ್ನೊಂದು ಜಾಗವನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು. ನೀಲಿ ಟೇಪು. ಎಂಟು ದಿನದ ಹಿಂದೆ ಅದೇ ಕತ್ತಿನಲ್ಲಿ ಒಬ್ಬನೇ ಮಂಡಿಯೂರಿ ಕೂತು ಮೊದಲ ಚೀಲದ ನಲ್ಲಿ ಒತ್ತಿ ರುಚಿ ನೋಡಿದ್ದ, ನೀರು. ಎರಡನೆಯ ಚೀಲ ಎತ್ತಿದಾಗ ನಲ್ಲಿಯ ಸುತ್ತ ಟೇಪಿರಲಿಲ್ಲ. ಕಂಡಿತ್ತು. ದಾರಿಯಲ್ಲಿ ಬಿಚ್ಚಿಹೋಗಿರಬೇಕು ಎಂದುಕೊಂಡ. ಮೇಲೆ ಸೀಳು ಕಾಣುತ್ತಿತ್ತು, ಬೇಗ ಇಲ್ಲಿಂದ ಹೊರಟರೆ ಸಾಕು ಅನ್ನಿಸುತ್ತಿತ್ತು, ಅದಕ್ಕೇ ಒಂದು ಗುಟುಕು ಕುಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ, ಅದಕ್ಕೇನಾ? ಕೈ ಸುಮ್ಮನೆ ಚೀಲವನ್ನು ಚಪ್ಪಡಿಯಡಿಗೆ ನೂಕಿತ್ತು. ಗೊತ್ತಿತ್ತು ಎಂದರೆ ಸುಳ್ಳು. ಗೊತ್ತಿರಲಿಲ್ಲ ಎಂದರೂ ಸುಳ್ಳು. ಇದನ್ನು ಯಾರೂ ಕೇಳುವುದಿಲ್ಲ. ವೈನಿನ ಕಥೆ ತಮಾಷೆಯಾಗಿ ಊರಲ್ಲಿ ಉಳಿಯುತ್ತದೆ, ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ಮತ್ತೆ ಒಂದು ಹ್ಞೂಂ, ಅಷ್ಟೇ.

ಅವನು ನಿಂತ. ಹಿಂದಿನಿಂದ ಬಂದ ಕಿರಿಲಿ ಡಿಕ್ಕಿ ಹೊಡೆಯುವುದರಲ್ಲಿದ್ದಳು.

“ಆ ಚೀಲಕ್ಕೆ ಟೇಪಿರಲಿಲ್ಲ,” ಅಂದ. “ಇಡುವಾಗ ನೋಡಿದ್ದೆ. ಕುಡಿದು ನೋಡ್ಬೇಕಿತ್ತು. ನೋಡ್ಲಿಲ್ಲ.”

“ಮರೆತ್ಯಾ?”

“ಮರೆತೆ ಅಂತ ಹೇಳೋಕಾಗಲ್ಲ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದಾಗ ಮುಖ ಕಲ್ಲಾಯಿತು. ಕತ್ತಿನಲ್ಲಿ ಬೆಟ್ಟದ ವಿಷಯ ಹೇಳಿದಾಗ ಇರದ ಮುಖ ಅದು. “ಬೆಟ್ಟದ್ದು ಬಿಡು,” ಅವಳು ನಿಧಾನವಾಗಿ ಅಂದಳು, “ಅದು ಕಥೆ. ಇದು ನೀರು ಕಣಪ್ಪ. ದಿನಾ ನೀರಿಗಾಗಿ ನಾಲಗೆ ಚಾಚೋರನ್ನ ನೋಡ್ತೀನಿ ನಾನು, ಒಂದು ಲೋಟ ಜಾಸ್ತಿ ಕೊಡೋ ಹಾಗಿಲ್ಲ ಅವರಿಗೆ. ನೀನು… ಬೆವನ್ ಅಂಕಲ್‌ಗೆ ಅರವತ್ತೈದು. ನಾವು ಮೇಲೆ ಹೋಗಿ ಆ ಚೀಲ ಬಿಚ್ಚಿದ್ದಿದ್ರೆ?”

“ಗೊತ್ತು.”

“ಏನು ಗೊತ್ತು? ಏನೂ ಗೊತ್ತಿಲ್ಲ ನಿಂಗೆ. ಕೂತ್ಕೋ.”

ಕೂತ. ಒಂದು ಪೈನ್ ಗಿಡದ ಹರಕು ನೆರಳು. ಅವಳು ಅವನ ಬೆನ್ನಿನಿಂದ ಚೀಲ ಕಿತ್ತುಕೊಂಡು ಅದರಲ್ಲಿದ್ದ ನೀರನ್ನೆಲ್ಲ ತನ್ನ ಚೀಲಕ್ಕೆ ಹಾಕಿಕೊಂಡಳು, ಒಂದು ಬಾಟಲಿ ಬಿಟ್ಟು. ಅದನ್ನು ಅವನ ಕೈಗಿಟ್ಟು, “ಕುಡಿ,” ಅಂದಳು. ಬೇಡ, ನೀವು ಕುಡೀರಿ ಎಂದು ಹೆಡ್ಲಿ ಗೊಣಗಿದ. “ಕುಡಿ ಅಂದೆ.” ರೋಗಿಗಳಿಗೆ ಹೇಳುವ ದನಿ. ಅವನು ಕುಡಿದ. ಬಿಸಿಯಾಗಿ, ಪ್ಲಾಸ್ಟಿಕ್ಕಿನ ವಾಸನೆ ಹೊಡೆಯುತ್ತಿದ್ದ ನೀರು. ಅಷ್ಟು ಮರ್ಯಾದೆ ಕಳೆದುಕೊಂಡು ಅವನು ಯಾವತ್ತೂ ನೀರು ಕುಡಿದಿರಲಿಲ್ಲ, ಅಷ್ಟು ರುಚಿಯಾದ ನೀರನ್ನೂ ಕುಡಿದಿರಲಿಲ್ಲ. ಮೇಲಿನ ತಿರುವಿನಲ್ಲಿ ಬೆವನ್ ಕಾಣಿಸಿಕೊಂಡು, ಇವರು ಕೂತದ್ದನ್ನು ನೋಡಿ, ತಾನೂ ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿ ಕೊಡವತೊಡಗಿದ. ಅವನಿಗೂ ಇದನ್ನು ಹೇಳಬೇಕು. ಮನೆಗೆ ಹೋಗಿ ರೋಸ್ಲಿನ್‌ಗೆ ಮೊದಲನೆಯದನ್ನೂ ಎರಡನೆಯದನ್ನೂ ಹೇಳಬೇಕು. ಹೇಳುತ್ತೇನೆ ಎಂದು ಅವನಿಗೆ ಗೊತ್ತಿತ್ತು, ಅದೇ ಆಶ್ಚರ್ಯ. ಕೆಳಗೆ, ಬಹಳ ಕೆಳಗೆ, ಹೊಳೆಯ ಪಾತ್ರದ ಅಂಚಿನಲ್ಲಿ ನಿಲ್ಲಿಸಿದ್ದ ಜೀಪಿನ ಗಾಜು ಮಿಂಚಿತು.

ಕಿರಿಲಿ ಅವನಿಂದ ಒಂದು ಮಾರು ದೂರದಲ್ಲಿ ಕೂತು ಕಾಲುಚೀಲಕ್ಕೆ ಹತ್ತಿದ ಮುಳ್ಳು ಕೀಳುತ್ತಿದ್ದಳು. ತಲೆಯೆತ್ತದೆ ಕೇಳಿದಳು:

“ಗುಂಡಿಗೆ ನೀರು ಕುಡಿಯೋಕೆ ಒಂದು ಹಕ್ಕಿ ಬರ್ತಿತ್ತಲ್ಲ. ಕೆಂಪು ಕೊಕ್ಕಿಂದು. ಒಂದು ಕಾಲು ಕುಂಟ. ಅದೂ ಸುಳ್ಳಾ?”

ಹೆಡ್ಲಿ ಆ ಹಕ್ಕಿಯನ್ನು ಮರೆತೇಬಿಟ್ಟಿದ್ದ. ಜ್ವರದ ಎರಡನೆಯ ದಿನವೋ ಮೂರನೆಯ ದಿನವೋ ಬಂದು ಹೋದದ್ದು. “ಅದೂ ಸುಳ್ಳು,” ಅಂದ.

“ಅದಕ್ಕೆ ಹೆಸರಿಟ್ಟಿದ್ದೆ ನಾನು.”

ಅವಳ ದನಿ ಅಲ್ಲಿ ಒಡೆಯಿತು. ಹೆಡ್ಲಿ ಕೈ ಚಾಚಿದ, ಅರ್ಧಕ್ಕೇ ಹಿಂದೆ ತೆಗೆದುಕೊಂಡ, ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲಿನ ಮೇಲಿಟ್ಟುಕೊಂಡ.

“ಏನು ಹೆಸರು?” ಎಂದು ಕೇಳಿದ.

ಕಿರಿಲಿ ಕೊನೆಯ ಮುಳ್ಳು ಕಿತ್ತು ಬಿಸಾಡಿ ಎದ್ದು ನಿಂತಳು. ನೀರೆಲ್ಲ ತುಂಬಿದ್ದ ಭಾರದ ಚೀಲವನ್ನು ಬೆನ್ನಿಗೆ ಏರಿಸಿಕೊಂಡಳು. ಅವನು ನೆರವಿಗೆ ಏಳಹೋದರೆ ಕಣ್ಣಲ್ಲೇ ತಡೆದಳು.

“ಇವತ್ತು ಹೇಳಲ್ಲ,” ಅಂದಳು. “ನಡಿ ಮುಂದೆ.”

ಇವತ್ತು, ಎಂದು ಹೆಡ್ಲಿ ಮನಸ್ಸಿನಲ್ಲೇ ಅಂದುಕೊಂಡ. ಎದ್ದು, ಪ್ಯಾಂಟು ಕೊಡವಿಕೊಂಡು, ಇಳಿಯತೊಡಗಿದ.